ಹಸುಳೆಯಿಂದ ಹಸಿ ಸುಳ್ಳಿನವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ "ಚಿಗುರು, ಹರೆಯ, ಹೊಸತನ, ಇಂಥ ಪದಗಳ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ" ಅಂತ ಮೂಲೆಯಲ್ಲಿ ಒಂದು ಸಾಲು ಹಾಕಿದ್ದೆವು. ಸುಮ್ನೆ ಹಾಕಿದ್ದು. ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಒಂದೇ ಪ್ರಶ್ನೆಯನ್ನು ನಾಲ್ಕೈದು ಜನ ಕೇಳಿದ್ದಲ್ಲಿ ಸೇರಿಸಿ ಒಂದು ಮಾಡಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಅದಕ್ಕೇ ಯಾರ ಹೆಸರೂ ಇಲ್ಲ.

ಪ್ರಶ್ನೆ: ಹಸಿರು, ಹಸಿ, ಹಸುಳೆ, ಹಸು, ಹಸಿವು, ಇವೆಲ್ಲ ಒಂದೇ ಬೇರಿನಿಂದ ಬಂದವಾ? ಕ್ಲಾಸಿನಲ್ಲಿ ಹುಡುಗನೊಬ್ಬ ಕೇಳಿದ. ನಾಳೆ ಹೇಳುತ್ತೇನೆ ಅಂತ ತಪ್ಪಿಸಿಕೊಂಡು ಬಂದಿದ್ದೇನೆ. (ಒಬ್ಬ ಕನ್ನಡ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ಮೊದಲ ಮೂರು ಒಂದೇ ಮನೆಯವು. ಕೊನೆಯ ಎರಡಕ್ಕೂ ಆ ಮನೆಗೂ ಸಂಬಂಧವಿಲ್ಲ.

ಹಳಗನ್ನಡದಲ್ಲಿ ಇವು ಪಸುರ್, ಪಸಿ, ಪಸುಳೆ ಎಂದಿದ್ದವು. ಆಮೇಲೆ ಪದದ ಮೊದಲಲ್ಲಿದ್ದ ಪಕಾರ ಹಕಾರವಾಯಿತು. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪೊಸತು ಹೊಸತಾದ ಹಾಗೆ. ಪಕ್ಕದ ಭಾಷೆಗಳಲ್ಲಿ ಆ ಪಕಾರ ಹಾಗೇ ಉಳಿದಿದೆ. ತಮಿಳಿನಲ್ಲಿ ಪಚ್ಚೈ ಅಂದರೆ ಹಸಿರೂ ಹೌದು, ಹಸಿಯೂ ಹೌದು. ತೆಲುಗಿನಲ್ಲಿ ಪಸಿಪಾಪ ಅಂದರೆ ಹಸುಳೆ, ಪಚ್ಚಿ ಅಂದರೆ ಹಸಿ. ಅಂದರೆ ಬಣ್ಣ ಒಂದು ಕಡೆ, ತೇವ ಇನ್ನೊಂದು ಕಡೆ, ಎಳೆತನ ಮತ್ತೊಂದು ಕಡೆ ಅಂತ ನಾವು ಈಗ ಬೇರೆ ಬೇರೆ ಇಟ್ಟುಕೊಂಡಿರುವುದು ಹಿಂದಿನವರಿಗೆ ಒಂದೇ ಆಗಿತ್ತು. ಆಗತಾನೆ ಹುಟ್ಟಿದ್ದು, ಇನ್ನೂ ಆರದ್ದು, ಇನ್ನೂ ಮಾಗದ್ದು. ಎಲೆಯಾದರೂ ಅದೇ ಮಾತು, ಮಗುವಾದರೂ ಅದೇ ಮಾತು.

ಇನ್ನು ಹಸು. ಪ್ರಾಣಿಯ ಹೆಸರಾದ ಹಸು ಸಂಸ್ಕೃತದ ಪಶುವಿನಿಂದ ಬಂದದ್ದು. ಆದರೆ ಹಸುಗೂಸು ಅನ್ನುವಲ್ಲಿರುವ ಹಸು ಆ ಹಸು ಅಲ್ಲ, ಅದು ಹಸುಳೆಯ ಹಸು, 'ಎಳೆಯ' ಅಂತ ಅರ್ಥ. ಹಸುವಿನಂತೆ ಸಾಧುವಾದ ಕೂಸು ಅಂತ ಅರ್ಥ ಬಿಡಿಸಿದ್ದನ್ನು ನಾನೇ ಒಂದು ಭಾಷಣದಲ್ಲಿ ಕೇಳಿದ್ದೇನೆ, ಚೆನ್ನಾಗಿಯೇ ಇತ್ತು, ಆದರೆ ತಪ್ಪು. ಹಸಿವು ಕೂಡ ಹಳಗನ್ನಡದಲ್ಲಿ ಪಕಾರದಿಂದಲೇ ಶುರುವಾಗುತ್ತಿತ್ತು, ತಮಿಳಿನಲ್ಲಿ ಇವತ್ತಿಗೂ ಪಸಿ. ಆದರೂ ನಿಘಂಟುಕಾರರು ಅದನ್ನು ಬೇರೆ ಧಾತುವಾಗಿಯೇ ಇಟ್ಟಿದ್ದಾರೆ.

ಹುಡುಗನಿಗೆ ಇನ್ನೂ ಖುಷಿಯಾಗಬೇಕಾದರೆ 'ಹಸಿ'ಯ ಹಿಂದೆ ಏನೇನು ಬರುತ್ತದೆ ಅಂತ ಬೋರ್ಡಿನ ಮೇಲೆ ಬರೆಸಿ. ಹಸಿ ಶುಂಠಿ, ಹಸಿ ಗೋಡೆ, ಹಸಿ ಸೌದೆ, ಹಸಿ ಗಾಯ, ಹಸಿ ಬಾಣಂತಿ. ಊರಿನಲ್ಲಿ ಕಸದ ಗಾಡಿ ಬಂದರೆ ಹಸಿ ಕಸ, ಒಣ ಕಸ. ಕೊನೆಗೆ ಹಸಿ ಸುಳ್ಳು. ಈ ಕೊನೆಯದು ಮಜವಾಗಿದೆ. ತಮಿಳರದು ಪಚ್ಚೈ ಪೊಯ್, ತೆಲುಗರದು ಪಚ್ಚಿ ಅಬದ್ಧಂ, ಮಲಯಾಳಿಗಳದು ಪಚ್ಚಕ್ಕಳ್ಳಂ. ನಾಲ್ಕೂ ಭಾಷೆಯವರು ಶುದ್ಧ ಸುಳ್ಳನ್ನು ಹಸಿಯದ್ದು ಅಂತಲೇ ಕರೆದಿದ್ದಾರೆ. ಬೇಯಿಸದೆ, ಒಗ್ಗರಣೆ ಹಾಕದೆ, ಹಾಗೇ ತಂದು ಎಲೆಗೆ ಬಡಿಸಿದ ಸುಳ್ಳು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಅಂದ ಹಾಗೆ, ಮೈಮೇಲೆ ಹಾಕಿಸಿಕೊಳ್ಳುವ ಹಚ್ಚೆಯೂ ಇದೇ ಮನೆಯದು. ಪಚ್ಚೆ, ಅಂದರೆ ಹಸಿರು ಬಣ್ಣ. ಹಾಕಿಸಿಕೊಂಡು ಸ್ವಲ್ಪ ದಿನಕ್ಕೆ ಅದು ಹಸಿರಿಗೆ ತಿರುಗುತ್ತಿತ್ತಲ್ಲ.

ಪ್ರಶ್ನೆ: ಯೌವನ ಸರಿಯೋ ಯವ್ವನ ಸರಿಯೋ? ಪೋಸ್ಟರಿನಲ್ಲಿ ಒಂದು ಥರ, ಪುಸ್ತಕದಲ್ಲಿ ಒಂದು ಥರ ಇರುತ್ತದೆ.

ಉತ್ತರ: ಬರೆಯುವಾಗ ಯೌವನ. ಸಂಸ್ಕೃತದಲ್ಲಿ ಯುವನ್ ಅಂದರೆ ಹರೆಯದವನು, ಅವನ ಸ್ಥಿತಿ ಯೌವನ. ನಾವು ಮಾತಾಡುವಾಗ ಔಕಾರವನ್ನು ಅವ್ ಅನ್ನುತ್ತೇವೆ. ಗೌಡ ಅಂತ ಬರೆದು ಗವ್ಡ ಅನ್ನುವುದಿಲ್ಲವಾ, ಹಾಗೆ. ಯವ್ವನ ಹುಟ್ಟಿದ್ದು ಹೀಗೆ.

ಆದರೆ ಯವ್ವನ ಅನ್ನುವವರ ನಾಲಿಗೆಯಲ್ಲಿ ಇನ್ನೊಂದು ಹಳೆಯ ಪದವೂ ಆಡುತ್ತಿರಬಹುದು ಅನ್ನುವುದು ನನ್ನ ಗುಮಾನಿ. ಅದು ಜವ್ವನ. ಯೌವನದ ತದ್ಭವ ಅದು, ಪ್ರಾಕೃತದ ಜೊವ್ವಣದ ಮೂಲಕ ನಮಗೆ ಬಂದದ್ದು. ಸಂಸ್ಕೃತದ ಯಕಾರ ಜಕಾರವಾಗುವುದು ನಮಗೆ ಹೊಸದೇನಲ್ಲ. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ, ಯಮ ಜವರಾಯನಾದ. ಹಳೆಯ ಕಾವ್ಯಗಳಲ್ಲಿ ಹರೆಯದ ಹುಡುಗಿ ಜವ್ವನೆ, ಹುಡುಗ ಜವ್ವನಿಗ. ಎಷ್ಟು ಚಂದದ ಪದಗಳು! ಯುವಕ ಯುವತಿ ಅಂತ ಬರೆದೂ ಬರೆದೂ ಈ ಎರಡನ್ನು ಮರೆತುಬಿಟ್ಟಿದ್ದೇವೆ.

ಇದೇ ಯುವನ್ ಅನ್ನುವುದಕ್ಕೆ ಪಾರಸಿಯಲ್ಲಿ ಒಬ್ಬ ಅಣ್ಣ ಇದ್ದಾನೆ, ಜವಾನ್. ಅಲ್ಲಿಯೂ ಅರ್ಥ ಹರೆಯದವನು ಅಂತಲೇ. ಅದು ಉರ್ದು, ಹಿಂದಿಯ ದಾರಿಯಲ್ಲಿ ಬಂದು ಸೈನಿಕನಿಗೆ ಹೆಸರಾಯಿತು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೊಟ್ಟ ಜೈ ಜವಾನ್ ಜೈ ಕಿಸಾನ್ ಘೋಷಣೆಯಲ್ಲಿರುವುದು ಅದೇ. ಕನ್ನಡದಲ್ಲಿ ಮಾತ್ರ ಅದು ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತುಬಿಟ್ಟಿತು. ಇನ್ನೇನು ನಿವೃತ್ತಿ ಆಗಬೇಕು ಅನ್ನುವ ವಯಸ್ಸಿನವರನ್ನೂ ನಾವು ಜವಾನರು ಅನ್ನುತ್ತೇವೆ, ಮೂಲ ಹಿಡಿದರೆ ಕರೆದದ್ದು 'ಏ ತರುಣ' ಅಂತ!

ಪ್ರಶ್ನೆ: ಬೇಸಿಗೆ, ಮಳೆಗಾಲ, ಚಳಿಗಾಲ ಎಲ್ಲಕ್ಕೂ ಕನ್ನಡದ್ದೇ ಪದ ಇದೆ. ವಸಂತಕ್ಕೆ ಮಾತ್ರ ಯಾಕೆ ಇಲ್ಲ? ನಮ್ಮಲ್ಲಿ ವಸಂತ ಅನ್ನೋದೇ ಇರಲಿಲ್ವಾ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇತ್ತಮ್ಮ. ಪದವೂ ಇತ್ತು, ಇವತ್ತಿಗೂ ಇದೆ, ಬೇರೆ ಕೆಲಸ ಮಾಡುತ್ತಿದೆ ಅಷ್ಟೆ. ಅದು ಸುಗ್ಗಿ.

ಸುಗ್ಗಿ ಅಂದರೆ ಈಗ ನಮಗೆ ಕೊಯ್ಲಿನ ಕಾಲ. ಇನ್ನೂ ಸಡಿಲ ಮಾಡಿಕೊಂಡು ಪತ್ರಿಕೆಯವರು ರನ್ನುಗಳ ಸುಗ್ಗಿ, ರಿಯಾಯಿತಿಯ ಸುಗ್ಗಿ ಅಂತೆಲ್ಲ ಬರೆಯುತ್ತಾರೆ. ಹಳಗನ್ನಡದಲ್ಲಿ ಸುಗ್ಗಿಗೆ ವಸಂತಕಾಲ ಅನ್ನುವ ಅರ್ಥವೂ ಇತ್ತು. ಅದರ ಗುರುತು ಇನ್ನೂ ಅಲ್ಲಲ್ಲಿ ಉಳಿದಿದೆ. ತುಳುವರ ಕ್ಯಾಲೆಂಡರಿನಲ್ಲಿ ಸುಗ್ಗಿ ಅಂತಲೇ ಒಂದು ತಿಂಗಳಿದೆ, ವರ್ಷದ ಕೊನೆಯದು, ಮಾರ್ಚ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಆಮೇಲೆ ಪಗ್ಗು ಬಂದು ಹೊಸ ವರ್ಷ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ನಡೆಯುವುದು ಹೋಳಿ ಹುಣ್ಣಿಮೆಯ ಹೊತ್ತಿಗೆ. ಗದ್ದೆಯ ಕೆಲಸ ಮುಗಿದು, ಮರಗಳು ಎಲೆ ಉದುರಿಸಿ ಮತ್ತೆ ಚಿಗುರುವ ಹೊತ್ತು ಅದು. ಕೊಯ್ಲು ಮತ್ತು ವಸಂತ ಒಟ್ಟಿಗೇ ಕೈಹಿಡಿದು ಬರುತ್ತಿದ್ದ ಕಡೆ ಒಂದೇ ಪದ ಎರಡಕ್ಕೂ ಸಾಕಾಗಿತ್ತು. ಆಮೇಲೆ ವಸಂತ ಅನ್ನುವ ಸಂಸ್ಕೃತ ಪದ ಕವಿಗಳ ಕೈಯಿಂದ ಶಾಲೆಗೂ, ಶಾಲೆಯಿಂದ ಮನೆಗೂ ಬಂತು, ಸುಗ್ಗಿಗೆ ಕೊಯ್ಲು ಮಾತ್ರ ಉಳಿಯಿತು.

ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ, ನಮ್ಮಲ್ಲಿ ವಸಂತ ಇತ್ತಾ ಅನ್ನೋದು. ಮೈಗೆ ಗೊತ್ತಾಗುವ ಕಾಲಗಳು ನಮಗೆ ಮೂರೇ. ನೆನೆಯುತ್ತೇವೆ, ನಡುಗುತ್ತೇವೆ, ಬೇಯುತ್ತೇವೆ (ಬೇಸಿಗೆಯಲ್ಲಿರುವ 'ಬೇ' ಆ ಬೇಯುವುದೇ). ಹಿಮ ಕರಗಿ ನೆಲ ಕಾಣುವ ದೇಶದಲ್ಲಿ ವಸಂತ ಬಂದದ್ದು ಯಾರಿಗೂ ಗೊತ್ತಾಗುತ್ತದೆ. ನಮ್ಮಲ್ಲಿ ಅದು ಗೊತ್ತಾಗುವುದು ಮರ ನೋಡಿದವರಿಗೆ ಮಾತ್ರ, ಸೆಕೆ ಅಂತ ತಲೆ ತಗ್ಗಿಸಿಕೊಂಡು ನಡೆದರೆ ಇಲ್ಲ. ಅದಕ್ಕೇ ನೋಡಿ, ಕಾಲದ ಹೆಸರಿಗೆ ನಮ್ಮಲ್ಲಿ ಒಂದೇ ಪದ, ಅದೂ ಕೈಬಿಟ್ಟು ಹೋಗಿದೆ, ಆದರೆ ಮರದ ತುದಿಯಲ್ಲಿ ಆಗುವುದಕ್ಕೆ ಲೆಕ್ಕವಿಲ್ಲದಷ್ಟು ಪದ.

ಹಳೆಯ ಕವಿಗಳು ಮರ ನೋಡಿದವರು. 941ರಲ್ಲಿ ಪಂಪ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿ ನೆನಪಾಗುವುದು ಯಾವಾಗ ಅಂದರೆ ತೆಂಕಣ ಗಾಳಿ ಸೋಕಿದಾಗ, ಬಿರಿದ ಮಲ್ಲಿಗೆ ಕಂಡಾಗ, ಮಧುಮಹೋತ್ಸವ ಬಂದಾಗ. ಮಧುಮಹೋತ್ಸವ ಅಂದರೆ ವಸಂತದ ಹಬ್ಬ. ಆ ದಕ್ಷಿಣದ ಗಾಳಿಗೆ ತೆಂಬೆಲರ್ ಅನ್ನುವ ಹೆಸರೂ ಇದೆ. ಎಲರ್ ಅಂದರೆ ಗಾಳಿ. ಇನ್ನು ಮಧು ಅನ್ನುವುದು ಚೈತ್ರಕ್ಕಿದ್ದ ವೇದಕಾಲದ ಹೆಸರು, ವೈಶಾಖಕ್ಕೆ ಮಾಧವ. ಎರಡೂ ಸೇರಿ ವಸಂತ.

ಪ್ರಶ್ನೆ: ಚಿಗುರು, ತಳಿರು, ಕುಡಿ, ಸುಳಿ, ಮೊಳಕೆ, ಎಲ್ಲ ಒಂದೇ ಅಲ್ವಾ? ನಮ್ಮ ಯಜಮಾನರು ಬೇರೆ ಬೇರೆ ಅಂತಾರೆ, ವಿವರಿಸಿ ಅಂದರೆ ನಗುತ್ತಾರೆ.

ಉತ್ತರ: ಯಜಮಾನರು ಹೇಳಿದ್ದು ಸರಿ, ನಕ್ಕಿದ್ದು ತಪ್ಪು.

ಮೊಳಕೆ ಬರುವುದು ಬೀಜದಿಂದ, ಅಥವಾ ಗೆಡ್ಡೆಯಿಂದ. ಚಿಗುರು ಬರುವುದು ಆಗಲೇ ಇರುವ ಕೊಂಬೆಯಿಂದ. ಇದು ದೊಡ್ಡ ವ್ಯತ್ಯಾಸ. ಏನೂ ಇಲ್ಲದ ಕಡೆ ಪ್ರೀತಿ ಮೊಳಕೆ ಒಡೆಯುತ್ತದೆ, ಒಣಗಿದ್ದ ಆಸೆ ಚಿಗುರುತ್ತದೆ. ಅದಲು ಬದಲು ಮಾಡಿ ನೋಡಿ, ಕಿವಿಗೆ ಸರಿ ಬರುವುದಿಲ್ಲ.

ಸುಳಿ ಇರುವುದು ಬಾಳೆ, ತೆಂಗು, ಅಡಿಕೆ, ಜೋಳದಂಥವಕ್ಕೆ. ನಡು ನೆತ್ತಿಯಲ್ಲಿ ಸುತ್ತಿಕೊಂಡೇ ಹುಟ್ಟುವ ಎಲೆ ಅದು. ಮಾವಿನ ಮರಕ್ಕೆ ಚಿಗುರು ಎಷ್ಟು ಕಡೆ ಬೇಕಾದರೂ ಬರುತ್ತದೆ, ತೆಂಗಿಗೆ ಸುಳಿ ಒಂದೇ. ಅದು ಹೋದರೆ ಮರವೇ ಹೋಯಿತು. ತೋಟದವರು ಸುಳಿ ಕೊಳೆ ರೋಗ ಅಂದರೆ ಬೆಚ್ಚಿಬೀಳುವುದು ಇದಕ್ಕೇ.

ಕುಡಿ ಅಂದರೆ ತುದಿ. ಬರೀ ತುದಿಯಲ್ಲ, ಜೀವ ಇರುವ, ಮುಂದಕ್ಕೆ ಬೆಳೆಯುವ ತುದಿ. ಹಂಬಿನ ಕುಡಿ, ದೀಪದ ಕುಡಿ, ವಂಶದ ಕುಡಿ, ಕುಡಿಮೀಸೆ. ಕಣ್ಣಿನ ಕುಡಿಯಿಂದ ನೋಡಿದರೆ ಕುಡಿನೋಟ. ಕೋಲಿನ ತುದಿಗೆ ಯಾರೂ ಕುಡಿ ಅನ್ನುವುದಿಲ್ಲ, ಅದು ಬೆಳೆಯೋದಿಲ್ಲವಲ್ಲ.

ತಳಿರು ಆ ಚಿಗುರು ಬಿಚ್ಚಿಕೊಂಡು ಎಳೆಯ ಎಲೆಯಾದಾಗ. ಮಾತಿನಲ್ಲಿ ಈಗ ಈ ಪದ ತಳಿರುತೋರಣದಲ್ಲಿ ಮಾತ್ರ ಬದುಕಿದೆ. ಹಳಗನ್ನಡದಲ್ಲಿ ಕೆಂದಳಿರ್ ಅಂತ ಎಲ್ಲೆಲ್ಲೂ ಸಿಗುತ್ತದೆ, ಕೆಂಪು ತಳಿರು. ಕವಿಗಳು ಹೆಣ್ಣಿನ ಅಂಗೈಯನ್ನೋ ತುಟಿಯನ್ನೋ ಹೋಲಿಸಲು ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ, ನಿಜ. ಆದರೆ ಕಣ್ಣಿಗೆ ಕಂಡದ್ದನ್ನೇ ಅವರು ಹೇಳಿದ್ದು. ಮಾವು, ಅರಳಿಯ ಎಳೆ ಎಲೆಗಳು ಮೊದಲು ಹಸಿರಾಗಿರುವುದಿಲ್ಲ, ತಾಮ್ರದ ಬಣ್ಣಕ್ಕಿರುತ್ತವೆ. ಹಸಿರು ಕೊಡುವ ಪತ್ರಹರಿತ್ತು ಇನ್ನೂ ಪೂರ್ತಿ ತುಂಬಿರುವುದಿಲ್ಲ, ಆಂಥೋಸಯನಿನ್ ಅನ್ನುವ ಕೆಂಪು ಬಣ್ಣದ ವಸ್ತು ಜಾಸ್ತಿ ಇರುತ್ತದೆ. ಎಳೆ ಎಲೆಗೆ ಬಿರುಬಿಸಿಲು ತಾಗದಂತೆ ಅದೊಂದು ಕೊಡೆ ಇದ್ದ ಹಾಗೆ. ಹಾಗಾಗಿ ವಸಂತದ ಬಣ್ಣ ಹಸಿರು ಅಂತ ಮಕ್ಕಳ ಚಿತ್ರಪುಸ್ತಕದಲ್ಲಿ ಬಳಿಯುವವರು ಒಮ್ಮೆ ಅರಳಿಮರದ ಕೆಳಗೆ ನಿಂತು ಮೇಲೆ ನೋಡಬೇಕು.

ನೀವು ಪಟ್ಟಿಯಲ್ಲಿ ಬಿಟ್ಟ ಒಂದು ಪದವನ್ನು ನಾನೇ ಸೇರಿಸುತ್ತೇನೆ. ಕಂದು. ಬಾಳೆಯ ಬುಡದಲ್ಲಿ ತಾಯಿಗಿಡದ ಪಕ್ಕ ಏಳುವ ಮರಿಗಿಡ. ಮನೆಯಲ್ಲಿ ಆಡುವ ಕಂದನೂ ಅದೇ ಪದದ ಬಳಗ. ತಮಿಳಿನಲ್ಲಿ ಕನ್ರು ಅಂದರೆ ಕರುವೂ ಹೌದು, ಸಸಿಯೂ ಹೌದು. ಯಜಮಾನರಿಗೆ ಇದು ಗೊತ್ತಾ ಅಂತ ಕೇಳಿ ನೋಡಿ, ಈ ಸಲ ನೀವು ನಗಬಹುದು.

ಪ್ರಶ್ನೆ: ಮನೆಯವರ ಹುಟ್ಟುಹಬ್ಬಕ್ಕೆ 'ಐವತ್ತು ವಸಂತಗಳನ್ನು ಪೂರೈಸಿದ' ಅಂತ ಬ್ಯಾನರ್ ಮಾಡಿಸಿದೆವು. ಅವರು ಹುಟ್ಟಿದ್ದು ಜುಲೈನಲ್ಲಿ, ವಸಂತ ಎಲ್ಲಿಂದ ಬಂತು ಅಂತ ಮೈದುನ ರೇಗಿಸಿದ.

ಉತ್ತರ: ಜುಲೈನಲ್ಲಿ ಹುಟ್ಟಿದರೂ ವರ್ಷಕ್ಕೊಂದು ವಸಂತ ದಾಟಲೇಬೇಕಲ್ವಾ, ಲೆಕ್ಕ ತಪ್ಪುವುದಿಲ್ಲ ಬಿಡಿ.

ಒಂದು ಋತುವನ್ನು ಹಿಡಿದು ಇಡೀ ವರ್ಷ ಎಣಿಸುವುದು ಬಹಳ ಹಳೆಯ ಅಭ್ಯಾಸ. ನೂರು ವರ್ಷ ಬಾಳು ಅಂತ ಹರಸುವ ಋಗ್ವೇದದ ಒಂದು ಮಂತ್ರದಲ್ಲಿ ನೂರು ಶರತ್ತು, ನೂರು ಹೇಮಂತ, ನೂರು ವಸಂತ ಅಂತ ಮೂರೂ ಬರುತ್ತವೆ. ಹೆಚ್ಚು ಕಡೆ ಎಣಿಸಿರುವುದು ಶರತ್ತನ್ನೇ. ವಸಂತಕ್ಕೆ ಈಗಿನ ಹಾಗೆ ಮೊದಲ ಪಟ್ಟ ಆಗ ಇರಲಿಲ್ಲ. ಇನ್ನು ವರ್ಷ ಅನ್ನುವ ಪದವನ್ನೇ ತೆಗೆದುಕೊಳ್ಳಿ, ಅದರ ಮೂಲ ಅರ್ಥ ಮಳೆ. ನಮ್ಮ ಹಿರಿಯರು "ನಿನಗಿಂತ ಎಷ್ಟೋ ಮಳೆಗಾಲ ಜಾಸ್ತಿ ಕಂಡಿದ್ದೇನೆ" ಅಂದರೆ ಅದೇ ಲೆಕ್ಕ. ಮೈದುನನಿಗೆ ಹೇಳಿ, ಐವತ್ತು ವರ್ಷ ಅಂತ ಹಾಕಿಸಿದ್ದರೂ ಅದು ಐವತ್ತು ಮಳೆ ಅಂತಲೇ ಆಗುತ್ತಿತ್ತು, ಜುಲೈಗೆ ಸರಿಯಾಗಿಯೇ ಹೊಂದುತ್ತಿತ್ತು.

ಬ್ಯಾನರ್ ಬಗ್ಗೆ ನನ್ನದೊಂದು ಸಣ್ಣ ಕೊರಗು ಇದೆ. ವಸಂತಗಳನ್ನು 'ಪೂರೈಸಿದ' ಯಾಕೆ? ಟೆಂಡರ್ ಕೆಲಸ ಮುಗಿಸಿದ ಹಾಗೆ ಕೇಳುತ್ತದೆ. 'ಕಂಡ' ಅಂದರೆ ಸಾಕು.

ಪ್ರಶ್ನೆ: ಫ್ರೆಶ್ ಅನ್ನುವುದಕ್ಕೆ ಸರಿಯಾದ ಕನ್ನಡ ಪದ ಕೊಡಿ. ತಾಜಾ ಕನ್ನಡ ಅಲ್ಲ ಅಂತಾರೆ.

ಉತ್ತರ: ತಾಜಾ ಪಾರಸಿಯಿಂದ ಬಂದದ್ದು. ಬಂದು ಎಷ್ಟೋ ಕಾಲವಾಯಿತು, ಈಗ ನಮ್ಮದೇ. ಅದನ್ನು ಮನೆಯಿಂದ ಹೊರಗೆ ಹಾಕುವ ಗೋಜಿಗೆ ನಾನು ಹೋಗುವುದಿಲ್ಲ.

ಆದರೆ ಒಂದೇ ಪದ ಕೊಡಿ ಅಂದರೆ ಕಷ್ಟ. ಫ್ರೆಶ್ ಏನು ಅಂತ ಮೊದಲು ಹೇಳಿ. ಸೊಪ್ಪಾದರೆ ಎಳೆಯದು, ಶುಂಠಿಯಾದರೆ ಹಸಿಯದು, ಹಾಲಾದರೆ ಈಗ ಕರೆದದ್ದು, ಹೂವಾದರೆ ಆಗತಾನೆ ಬಿರಿದದ್ದು, ಬಟ್ಟೆಯಾದರೆ ಮಡಿಯದ್ದು ಅಥವಾ ಹೊಸದು, ಸುದ್ದಿಯಾದರೆ ಬಿಸಿಬಿಸಿ. ಬಾವಿಯಿಂದ ಆಗತಾನೆ ಸೇದಿದ್ದು ಹೊಸನೀರು. ಮುಖ ತೊಳೆದು ಫ್ರೆಶ್ ಆಗಿ ಬರುತ್ತೇನೆ ಅಂದರೆ 'ಮುಖ ತೊಳೆದು ಬರುತ್ತೇನೆ' ಅಂದರೆ ಮುಗಿಯಿತು, ಅಲ್ಲಿ ಫ್ರೆಶ್‌ಗೆ ಕೆಲಸವೇ ಇಲ್ಲ.

ಇದಕ್ಕಿಂತ ಸ್ವಾರಸ್ಯ ಇರುವುದು ಎದುರು ಪದಗಳಲ್ಲಿ. ಫ್ರೆಶ್ ಅಲ್ಲದ್ದಕ್ಕೆ ನಮ್ಮಲ್ಲಿ ಒಂದೊಂದಕ್ಕೆ ಒಂದೊಂದು ಕ್ರಿಯಾಪದ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅನ್ನ ಸಾರು ಹಳಸುತ್ತದೆ. ಹೂವು, ಸೊಪ್ಪು ಬಾಡುತ್ತದೆ. ಹಣ್ಣು ಕೊಳೆಯುತ್ತದೆ. ಹಾಲು ಒಡೆಯುತ್ತದೆ. ಕಾಳು, ಹಿಟ್ಟು ಮುಗ್ಗುತ್ತದೆ. ಎಣ್ಣೆ ಕಮಟು ಹಿಡಿಯುತ್ತದೆ. ಹೂವು ಹಳಸಿತು ಅಂದರೆ ಮಕ್ಕಳೂ ನಗುತ್ತಾರೆ. ನಿನ್ನೆ ರಾತ್ರಿಯ ಅನ್ನ ಕೆಡದೇ ಇದ್ದರೆ ಅದು ಹಳಸಲೂ ಅಲ್ಲ, ತಾಜಾ ಕೂಡ ಅಲ್ಲ, ಅದಕ್ಕೇ ಒಂದು ಪದ ಬೇರೆ ಇದೆ, ತಂಗಳು. ಅಡುಗೆಮನೆ ನಡೆಸಿದವರು ಕಟ್ಟಿದ ಪದಗಳು ಇವು, ಪಂಡಿತರು ಕೂತು ಟಂಕಿಸಿದ್ದಲ್ಲ. ಯಾವುದನ್ನು ತಿನ್ನಬಹುದು ಯಾವುದನ್ನು ಬಿಸಾಡಬೇಕು ಅಂತ ಒಂದೇ ಮಾತಿನಲ್ಲಿ ಗೊತ್ತಾಗಬೇಕಲ್ಲ.

ಪ್ರಶ್ನೆ: ಹೊಚ್ಚ ಹೊಸ ಅನ್ನುವುದರಲ್ಲಿ ಹೊಚ್ಚ ಅಂದರೇನು?

ಉತ್ತರ: ಹೊಸ ಅಂತಲೇ. ಹೊಸ ಹೊಸ ಅನ್ನುವುದು ಒತ್ತಿ ಹೇಳುವಾಗ ಹೊಚ್ಚ ಹೊಸ ಆಗುತ್ತದೆ. ಕಡೆ ಕಡೆ ಕಟ್ಟಕಡೆ, ನಡು ನಡು ನಟ್ಟನಡು, ತುದಿ ತುದಿ ತುತ್ತತುದಿ ಅಂತ ಶಾಲೆಯಲ್ಲಿ ದ್ವಿರುಕ್ತಿ ಪಾಠ ಓದಿದ್ದು ನೆನಪಿದೆಯಾ? ಅದೇ. ಹಚ್ಚ ಹಸಿರನ್ನೂ ಪಕ್ಕದಲ್ಲಿಟ್ಟು ನೋಡಿ, ಎರಡರಲ್ಲೂ ಸಕಾರ ಹೋಗಿ ಚಕಾರ ಒತ್ತಿಕೊಂಡಿದೆ.

ಪ್ರಶ್ನೆ: ನಾನು ಮಂಗಳೂರಿಗೆ ಸೊಸೆಯಾಗಿ ಬಂದವಳು. ಅತ್ತೆ ತಮ್ಮ ಅಣ್ಣನ ಬಗ್ಗೆ "ಅವನಿಗೆ ಪ್ರಾಯ ಆಯ್ತು" ಅಂದರು. ಎಪ್ಪತ್ತು ದಾಟಿದವರಿಗೆ ಈಗ ಪ್ರಾಯ ಬಂತಾ ಅಂತ ನನಗೆ ನಗು ತಡೆಯಲಾಗಲಿಲ್ಲ.

ಉತ್ತರ: ಅತ್ತೆಯವರು ಹೇಳಿದ್ದು 'ವಯಸ್ಸಾಯ್ತು' ಅಂತ. ಕರಾವಳಿಯಲ್ಲಿ ಪ್ರಾಯ ಅಂದರೆ ವಯಸ್ಸು ಅಷ್ಟೆ, "ನಿಮ್ಮ ಪ್ರಾಯ ಎಷ್ಟು" ಅಂತಲೇ ಕೇಳುತ್ತಾರೆ. ಮಲಯಾಳದಲ್ಲೂ ಹಾಗೇ. ಘಟ್ಟದ ಮೇಲಿನವರಿಗೆ ಪ್ರಾಯ ಅಂದರೆ ಹರೆಯ, ಪ್ರಾಯದ ಹುಡುಗ ಅಂದರೆ ಮೀಸೆ ಚಿಗುರಿದವನು.

ನಗುವ ಮೊದಲು ನಾವು ಘಟ್ಟದ ಮೇಲಿನವರು ವಯಸ್ಸು ಅನ್ನುವುದನ್ನು ಹೇಗೆ ಬಳಸುತ್ತೇವೆ ನೋಡಿಕೊಳ್ಳಬೇಕು. ಮಗಳು ವಯಸ್ಸಿಗೆ ಬಂದಳು ಅಂದರೆ ಬೆಳೆದಳು. ವಯಸ್ಸಿನ ಹುಡುಗರು ಅಂದರೆ ತರುಣರು. ಅಜ್ಜನಿಗೆ ವಯಸ್ಸಾಯ್ತು ಅಂದರೆ ಮುಪ್ಪು. ವಯಸ್ಸಿಗೆ ಬರುವುದಕ್ಕೂ ವಯಸ್ಸಾಗುವುದಕ್ಕೂ ನಡುವೆ ನಲವತ್ತು ವರ್ಷ ಇದೆ, ಪದ ಒಂದೇ. ಹೊರಗಿನಿಂದ ಬಂದು ಕನ್ನಡ ಕಲಿಯುವವರು ಇಲ್ಲಿ ತಲೆ ಚಚ್ಚಿಕೊಳ್ಳುತ್ತಾರೆ.

ಪ್ರಶ್ನೆ: ಹದಿಹರೆಯ ಅಂದರೆ ಸರಿಯಾಗಿ ಎಷ್ಟರಿಂದ ಎಷ್ಟು? ಟೀನೇಜ್‌ಗೆ ಸಮ ಅಂತ ಬಳಸಬಹುದಾ?

ಉತ್ತರ: ಧಾರಾಳವಾಗಿ ಬಳಸಿ. ಆದರೆ ಅಕ್ಷರ ಹಿಡಿದು ಎಣಿಸಿದರೆ ಒಂದು ವರ್ಷ ಕಡಿಮೆ ಬೀಳುತ್ತದೆ. ಇಂಗ್ಲಿಷಿನ ಟೀನ್ 13ರಿಂದ 19ರವರೆಗೆ. ನಮ್ಮ 'ಹದಿ' ಹದಿಮೂರರಿಂದ ಹದಿನೆಂಟರವರೆಗೆ ಮಾತ್ರ, ಮುಂದಿನದು ಹತ್ತೊಂಬತ್ತು! ಕನ್ನಡದ ಹುಡುಗರು ಒಂದು ವರ್ಷ ಮೊದಲೇ ದೊಡ್ಡವರಾಗುತ್ತಾರೆ ಅಂತ ಇಟ್ಟುಕೊಳ್ಳೋಣ. ವೋಟು ಬರುವುದೂ ಹದಿನೆಂಟಕ್ಕೇ ತಾನೆ.

ಪ್ರಶ್ನೆ: ಒಂದು ಕಡೆಗೆ ಕವಿತೆ ಕಳಿಸಿದ್ದೆ. 'ತುಂಬಾ ಎಳಸು' ಅಂತ ಒಂದೇ ಮಾತು ಬರೆದು ವಾಪಸ್ ಕಳಿಸಿದ್ದಾರೆ. ಎಳೆಯದು ಅಂದರೆ ಒಳ್ಳೆಯದೇ ಅಲ್ವಾ? ಇದು ಬೈಗುಳವಾ?

ಉತ್ತರ: ಬೈಗುಳ ಅಲ್ಲ, ಹೊಗಳಿಕೆಯಂತೂ ಅಲ್ಲ.

ಎಳ ಅಥವಾ ಎಳೆ ಅನ್ನುವುದರಲ್ಲಿ ಬೇಜಾರು ಪಡುವಂಥದ್ದು ಏನೂ ಇಲ್ಲ. ಎಳನೀರು, ಎಳಗರು, ಎಳೆಬಿಸಿಲು, ಎಳನಗೆ, ಎಳವೆ, ಎಲ್ಲ ಮುದ್ದಾಗಿರುವವೇ. ತಮಿಳಿನಲ್ಲಿ ಇಳಮೈ ಅಂದರೆ ಯೌವನ, ಇಳನೀರ್ ಅಂದರೆ ನಮ್ಮ ಎಳನೀರು. ಆದರೆ 'ಎಳಸು' ಆದ ತಕ್ಷಣ ಮೂಗು ಮುರಿದ ಹಾಗಾಗುತ್ತದೆ. ಬಲಿಯಬೇಕಾಗಿತ್ತು, ಇನ್ನೂ ಬಲಿತಿಲ್ಲ ಅಂತ ಅದರ ಅರ್ಥ. ಬೆಂಡೆಕಾಯಿ ಎಳೆಯದಿದ್ದರೆ ಒಳ್ಳೆಯದು, ಬೀಜಕ್ಕೆ ಇಟ್ಟ ಕಾಯಿ ಎಳಸಾಗಿದ್ದರೆ ಕೆಟ್ಟದ್ದು.

ಮಾವಿನ ಮರದ ಭಾಷೆಯಲ್ಲಿ ಹೇಳುವುದಾದರೆ, ಹೂ ಉದುರಿದ ಮೇಲೆ ಮೊದಲು ಕಾಣುವುದು ಹೀಚು. ಅದು ಮಿಡಿಯಾಗುತ್ತದೆ, ಆಮೇಲೆ ಎಳೆಗಾಯಿ, ಆಮೇಲೆ ಬಲಿತ ಕಾಯಿ, ಬಣ್ಣ ತಿರುಗಿದರೆ ದೋರೆಗಾಯಿ, ಆಮೇಲೆ ಹಣ್ಣು, ಇನ್ನೂ ಬಿಟ್ಟರೆ ಕಳಿತು ಹೋಗುತ್ತದೆ. ಉಪ್ಪಿನಕಾಯಿ ಹಾಕುವವರಿಗೆ ಮಿಡಿಯೇ ಬೇಕು, ಬಲಿತದ್ದನ್ನು ಅವರು ಮುಟ್ಟುವುದಿಲ್ಲ. ಹಣ್ಣು ಮಾರುವವರಿಗೆ ಬಲಿತದ್ದೇ ಬೇಕು. ನಿಮ್ಮ ಕವಿತೆ ನೋಡಿದವರು ಹಣ್ಣಿನವರಿರಬೇಕು. ನೀವು ಜೊತೆಗಿಟ್ಟ ಕವಿತೆ ಓದಿದೆ, ನನ್ನ ಲೆಕ್ಕದಲ್ಲಿ ಅದು ಎಳೆಗಾಯಿ. ಎರಡನೇ ಚರಣ ಚೆನ್ನಾಗಿದೆ, ಕೊನೆಯ ಎರಡು ಸಾಲು ತೆಗೆಯಿರಿ, ಆರು ತಿಂಗಳು ಬಿಟ್ಟು ಮತ್ತೆ ನೋಡಿ.

ಹಳಗನ್ನಡದಲ್ಲಿ ಎಳಸು ಅನ್ನುವ ಇನ್ನೊಂದು ಪದ ಇದೆ, ಬಯಸು ಅಂತ ಅರ್ಥ. ಅವರು ಅದನ್ನೇ ಬರೆದಿದ್ದಾರೆ ಅಂದುಕೊಳ್ಳಲು ದಾರಿ ಇದೆಯಾ ಅಂತ ನಾನೂ ಯೋಚಿಸಿದೆ. ಇಲ್ಲ.

ಪ್ರಶ್ನೆ: ಮಾರ್ಚ್‌ನಲ್ಲಿ ಮಗಳು ಹುಟ್ಟಿದ್ದಾಳೆ. ವಸಂತಕ್ಕೆ ಹೊಂದುವ ಅಚ್ಚ ಕನ್ನಡದ ಹೆಸರು ಸೂಚಿಸಿ. ವಸಂತಿ, ಚೈತ್ರ ಬೇಡ, ಅಕ್ಕಪಕ್ಕದಲ್ಲೇ ಮೂವರಿದ್ದಾರೆ.

ಉತ್ತರ: ಚಿಗುರು ಅಂತ ಇಡುವವರು ಈಗ ಇದ್ದಾರೆ, ಕರೆಯಲೂ ಸಲೀಸು. ತಳಿರು ಇನ್ನೂ ಅಷ್ಟಾಗಿ ಯಾರೂ ಇಟ್ಟಿಲ್ಲ, ನನಗಂತೂ ಅದೇ ಇಷ್ಟ, ಆದರೆ ಊರು ಬಿಟ್ಟು ಹೊರಗೆ ಹೋದರೆ ಳಕಾರ ಬಾರದವರ ಬಾಯಲ್ಲಿ ತಲಿರು ಆಗುವುದು ಗ್ಯಾರಂಟಿ. ಎಲರ್ ಅಂತ ಇಡಬಹುದು, ಗಾಳಿ ಅಂತ ಅರ್ಥ, ಎರಡೇ ಅಕ್ಷರ ಮತ್ತು ಒಂದು ಅರ್ಧ. ತೆಂಬೆಲರ್ ಇನ್ನೂ ಚಂದ, ಆದರೆ ಅದನ್ನು ಆಧಾರ್ ಕಾರ್ಡಿನಲ್ಲಿ ಸರಿಯಾಗಿ ಬರೆಸುವ ತಾಳ್ಮೆ ನಿಮಗಿರಬೇಕು. ಸುಗ್ಗಿ ಕೂಡ ಯೋಚಿಸಿ ನೋಡಿ, ನಾನು ತಮಾಷೆ ಮಾಡುತ್ತಿಲ್ಲ. ಯಾವುದನ್ನು ಇಟ್ಟರೂ ಮೊದಲು ಅಡುಗೆಮನೆಯಿಂದ ಬೀದಿಗೆ ಕೇಳುವ ಹಾಗೆ ಹತ್ತು ಸಲ ಕೂಗಿ ನೋಡಿ, ಆಮೇಲೆ ಅಜ್ಜಿಯನ್ನು ಕೇಳಿ. ಏನು ಇಟ್ಟಿರಿ ಅಂತ ಒಂದು ಕಾರ್ಡು ಬರೆಯಿರಿ.